ಸ್ಪಿಟ್‌ಫೈರೋ, ಝೀರೋವೋ, ಮಸ್ಟಾಂಗೋ: ಮೊದಲ ಕಿಟ್ ಆರಿಸುವ ಬಗೆ

ಎರಡನೇ ಮಹಾಯುದ್ಧದ ವಿಮಾನಗಳ ಪ್ಲಾಸ್ಟಿಕ್ ಮಾದರಿ ಕಟ್ಟಬೇಕೆಂದು ಹೊರಟವರು ಮೊದಲು ಕೇಳುವುದು ‘ಯಾವ ವಿಮಾನ ತಗೊಳ್ಳಲಿ?’ ಎಂದು. ಆಮೇಲೆ ‘ಯಾವ ಅಳತೆ?’, ‘ಯಾವ ಕಂಪನಿ?’. ಕಿಟ್ ಮನೆಗೆ ಬಂದು, ಅಂಟಿಸಿ, ಬೂದು ಬಣ್ಣದ ಪ್ಲಾಸ್ಟಿಕ್ ವಿಮಾನ ಮೇಜಿನ ಮೇಲೆ ನಿಂತ ಮೇಲೆ ಕೊನೆಯ ಪ್ರಶ್ನೆ: ‘ಇದಕ್ಕೆ ಬಣ್ಣ ಹೇಗೆ ಹಚ್ಚುವುದು?’ ಈ ಕ್ರಮವೇ ತಲೆಕೆಳಗು. ಒಂಟಿ ಎಂಜಿನ್‌ನ ಯುದ್ಧವಿಮಾನವನ್ನು ಅಂಟಿಸಿ ನಿಲ್ಲಿಸಲು ಎರಡು ಮೂರು ದಿನ ಸಾಕು. ಮಾದರಿ ಚೆನ್ನಾಗಿ ಬರುವುದೂ ಕೆಡುವುದೂ ಬಣ್ಣದಲ್ಲಿ. ಬಣ್ಣ ಹಚ್ಚುವ ಸಾಧನ ಮೊದಲು ನಿಶ್ಚಯವಾದರೆ ಯಾವ ವಿಮಾನ, ಯಾವ ಅಳತೆ ಎನ್ನುವುದು ಮುಕ್ಕಾಲು ಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಹಾಗಾಗಿ ಇಲ್ಲಿ ತೂಗಿ ನೋಡುವ ವಿಷಯಗಳು ನಾಲ್ಕು, ಇದೇ ಕ್ರಮದಲ್ಲಿ. ಕೈಯಲ್ಲಿರುವುದು ಬ್ರಶ್ಶೋ, ಸ್ಪ್ರೇ ಡಬ್ಬಿಯೋ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂತಹ ಏರ್‌ಬ್ರಶ್ಶೋ. ಆ ಸಾಧನಕ್ಕೆ ಒಗ್ಗುವ ಬಣ್ಣಗಾರಿಕೆ ಯಾವ ವಿಮಾನದ್ದು. ಮನೆಯಲ್ಲಿ ಇಡಲು ಜಾಗ ಎಷ್ಟು, ಕಣ್ಣು ಎಷ್ಟು ಸೂಕ್ಷ್ಮ. ಕೊನೆಗೆ ಹಣ. ಹಣವೆಂದರೆ ಕಿಟ್ಟಿನ ಬೆಲೆಯೊಂದೇ ಅಲ್ಲ. ಬಣ್ಣ, ಅಂಟು, ಹತಾರ ಎಲ್ಲವೂ ಸೇರಿದ ಮೊತ್ತ.

ಬ್ರಶ್, ಡಬ್ಬಿ, ಏರ್‌ಬ್ರಶ್

ಬ್ರಶ್ಶಿಗೆ ಖರ್ಚು ಕಡಿಮೆ, ಗದ್ದಲವಿಲ್ಲ, ಬಾಡಿಗೆ ಮನೆಯ ಮೂಲೆಯಲ್ಲೂ ಕೂತು ಮಾಡಬಹುದು. ಆದರೆ ಬ್ರಶ್ಶಿನಲ್ಲಿ ಕೆಲವು ಬಣ್ಣಗಳು ಒಲಿಯುತ್ತವೆ, ಕೆಲವು ಒಲಿಯುವುದೇ ಇಲ್ಲ. ಹಸಿರು, ಮಣ್ಣಿನ ಕಂದು, ಗಾಢ ಬೂದು ಇವು ಸುಲಭ. ಹಳದಿ, ಬಿಳಿ, ಕೆಂಪು ಕಷ್ಟ. ಹಳದಿಯ ಅಡಿಗೆ ಬಿಳಿ ಹಚ್ಚದಿದ್ದರೆ ಐದು ಪದರ ಎಳೆದರೂ ಪ್ಲಾಸ್ಟಿಕ್ಕಿನ ಬೂದು ಇಣುಕುತ್ತದೆ. ಬೆಳ್ಳಿ ಬಣ್ಣದಲ್ಲಂತೂ ಬ್ರಶ್ಶಿನ ಪ್ರತಿ ಗೆರೆಯೂ ಕಾಣುತ್ತದೆ.

ಯಾವ ಬಣ್ಣ ಕೊಳ್ಳುತ್ತೀರಿ ಎನ್ನುವುದೂ ಇಲ್ಲಿ ಮುಖ್ಯ. ವಾಲೆಹೋ ಕಂಪನಿಯ ಮಾಡೆಲ್ ಕಲರ್ ನೀರಿನಲ್ಲಿ ಕರಗುತ್ತದೆ, ವಾಸನೆ ಇಲ್ಲವೆಂದೇ ಹೇಳಬಹುದು. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ನೀರು ಬೆರೆಸಿ, ಸುಮಾರು 8 ಮಿ.ಮೀ. ಅಗಲದ ಚಪ್ಪಟೆ ಬ್ರಶ್ಶಿನಲ್ಲಿ ತೆಳ್ಳಗೆ ಮೂರು ಪದರ ಕೊಡಬೇಕು. ಮೊದಲ ಪದರ ತೇಪೆ ತೇಪೆಯಾಗಿ, ನೋಡಲು ಕೆಟ್ಟದಾಗಿಯೇ ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಮತ್ತೆ ತಿಕ್ಕಿದರೆ ಅರೆಬರೆ ಒಣಗಿದ ಬಣ್ಣ ಕಿತ್ತು ಬರುತ್ತದೆ. ಅರ್ಧ ಗಂಟೆ ಬಿಟ್ಟು ಎರಡನೆಯದನ್ನು ಅಡ್ಡ ದಿಕ್ಕಿಗೆ ಎಳೆಯಿರಿ. ಈ ಬಣ್ಣದ ದೋಷವೆಂದರೆ ಬರಿಯ ಪ್ಲಾಸ್ಟಿಕ್ಕಿಗೆ ಹಿಡಿತ ಕಡಿಮೆ. ಅಡಿಗೆ ಪ್ರೈಮರ್ (ಬಣ್ಣಕ್ಕೆ ಹಿಡಿತ ಕೊಡುವ ಲೇಪ) ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ (ಬಣ್ಣ ತಾಗದಂತೆ ಮುಚ್ಚುವ ಟೇಪ್) ಕೀಳುವಾಗ ಬಣ್ಣವೂ ಹಾಳೆಯಾಗಿ ಎದ್ದು ಬರುತ್ತದೆ.

ಟಾಮಿಯಾದ ಎಕ್ಸ್‌ಎಫ್ ಅಕ್ರಿಲಿಕ್ ಶೀಷೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಏರ್‌ಬ್ರಶ್ಶಿಗೆ ಅದು ಅಚ್ಚುಕಟ್ಟು. ಬ್ರಶ್ಶಿಗೆ ಮಾತ್ರ ತಂಟೆ, ಏಕೆಂದರೆ ಎರಡನೇ ಪದರದ ತಿನ್ನರ್ ಮೊದಲ ಪದರವನ್ನು ಕರಗಿಸುತ್ತದೆ. ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಎರಡು ಹನಿ ಬೆರೆಸಿ, ಒಮ್ಮೆ ಎಳೆದ ಕಡೆ ಮತ್ತೆ ಬ್ರಶ್ ಆಡಿಸದಿದ್ದರೆ ನಿಭಾಯಿಸಬಹುದು. ಹಂಬ್ರೋಲ್ ಎನಾಮೆಲ್ ನಿಧಾನವಾಗಿ ಒಣಗುವುದರಿಂದ ಬ್ರಶ್ಶಿನ ಗೆರೆ ತಾನಾಗಿ ಸಮನಾಗುತ್ತದೆ. ಬ್ರಶ್ ಕೆಲಸ ಅತಿ ನುಣುಪಾಗಿ ಬರುವುದು ಅದರಲ್ಲೇ. ಬದಲಿಗೆ ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ ಕಾಯಬೇಕು, ಟರ್ಪೆಂಟೈನ್ ವಾಸನೆ ಸಹಿಸಬೇಕು.

ಸ್ಪ್ರೇ ಡಬ್ಬಿಯನ್ನು ಹಲವರು ಕಡೆಗಣಿಸುತ್ತಾರೆ, ಅದು ತಪ್ಪು. ಟಾಮಿಯಾದ ಎಎಸ್ ಸಾಲಿನ 100 ಮಿ.ಲೀ. ಡಬ್ಬಿಗಳು ವಿಮಾನಗಳಿಗೆಂದೇ ತಯಾರಾದವು. ಒಂಟಿ ಎಂಜಿನ್ ವಿಮಾನಕ್ಕೆ ಒಂದು ಬಣ್ಣಕ್ಕೆ ಒಂದು ಡಬ್ಬಿ ಧಾರಾಳ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು (ಬಿಸಿನೀರಲ್ಲ, ಒಲೆಯ ಹತ್ತಿರವೂ ಬೇಡ) ಚೆನ್ನಾಗಿ ಕುಲುಕಿ, ಒಂದು ಗೇಣು ದೂರದಿಂದ ಸಿಂಪಡಿಸಬೇಕು. ಸಿಂಪಡಣೆ ವಿಮಾನದ ಆಚೆ ಶುರುವಾಗಿ ವಿಮಾನದ ಆಚೆಯೇ ಮುಗಿಯಬೇಕು. ಗುಂಡಿ ಒತ್ತುವಾಗಲೂ ಬಿಡುವಾಗಲೂ ಬಣ್ಣ ಹನಿಯಾಗಿ ಉಗಿಯುತ್ತದೆ. ಮಿತಿ ಏನೆಂದರೆ ಬಣ್ಣಗಳ ನಡುವಿನ ಅಂಚು ಟೇಪಿನಿಂದ ಬಂದ ಖಡಕ್ ಅಂಚೇ ಆಗಿರುತ್ತದೆ, ಮಸುಕು ಅಂಚು ಸಾಧ್ಯವಿಲ್ಲ.

ಏರ್‌ಬ್ರಶ್ ಮೂರರಲ್ಲೂ ಮೇಲು, ಮೂರರಲ್ಲೂ ದುಬಾರಿ. ಕೊಳ್ಳುವುದಾದರೆ 0.3 ಮಿ.ಮೀ. ಮೂತಿಯ ಡಬಲ್ ಆಕ್ಷನ್ (ಒಂದೇ ಗುಂಡಿಯಿಂದ ಗಾಳಿ, ಬಣ್ಣ ಎರಡನ್ನೂ ನಿಯಂತ್ರಿಸುವ) ಏರ್‌ಬ್ರಶ್, ಜೊತೆಗೆ ಮೂರು ಲೀಟರ್ ಟ್ಯಾಂಕು, ಒತ್ತಡ ನಿಯಂತ್ರಕ, ನೀರು ತಡೆಯುವ ಫಿಲ್ಟರ್ ಇರುವ ಸಣ್ಣ ಕಂಪ್ರೆಸರ್. ಪೆನ್ನಿನ ಬುಡಕ್ಕೆ ಬ್ಯಾಟರಿ ಸಿಕ್ಕಿಸುವ ಅಗ್ಗದ ಜೋಡಿಗಳಲ್ಲಿ ಒತ್ತಡ ಏರುಪೇರಾಗುತ್ತದೆ. ನಯವಾದ ಗೆರೆ ಕಲಿಯಬೇಕಾದವರಿಗೆ ಅದು ಅಡ್ಡಿಯೇ. ಟಾಮಿಯಾ ಅಕ್ರಿಲಿಕ್‌ಗೆ ಅಷ್ಟೇ ತಿನ್ನರ್ ಬೆರೆಸಿ 15ರಿಂದ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒತ್ತಡದಲ್ಲಿ ಶುರುಮಾಡಿ. ಮೇಲ್ಮೈ ಮುಟ್ಟಿದರೆ ಸಣ್ಣ ಮರಳಿನ ಹಾಗಿದ್ದರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ ಎಂದರ್ಥ: ಹತ್ತಿರ ಹೋಗಿ, ಅಥವಾ ಒತ್ತಡ ಇಳಿಸಿ. ಬಣ್ಣ ಜೇಡರ ಕಾಲಿನಂತೆ ಹರಿದರೆ ತಿನ್ನರ್ ಹೆಚ್ಚಾಗಿದೆ.

ನಮ್ಮ ಹವೆಯ ಮಾತೂ ಇಲ್ಲಿ ಸೇರಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ (ಸ್ಪ್ರೇ ಡಬ್ಬಿಗಳಲ್ಲಿರುವಂತಹ, ಕಟು ದ್ರಾವಕದ, ಬೇಗ ಆರುವ ಬಣ್ಣ) ಸಿಂಪಡಿಸಿದರೆ, ಆರುವ ತಿನ್ನರ್ ಮೇಲ್ಮೈಯನ್ನು ತಂಪು ಮಾಡಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಂಜು ಹಿಡಿಯುತ್ತದೆ. ಹೊಳಪಿನ ಲೇಪಕ್ಕೂ ಮ್ಯಾಟ್ ಲೇಪಕ್ಕೂ ಇದೇ ಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಟಿಸುವ ಕೆಲಸ ಮುಗಿಸಿಕೊಂಡು, ಹೊಳವಾದ ದಿನಕ್ಕೆ ಸಿಂಪಡಣೆ ಇಟ್ಟುಕೊಳ್ಳುವುದು ಲೇಸು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ಬೇರೆ: ಅಕ್ರಿಲಿಕ್ ಏರ್‌ಬ್ರಶ್ಶಿನ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ರಿಟಾರ್ಡರ್ ಬೇಕೇ ಬೇಕು. ಲ್ಯಾಕರ್ ಯಾವುದೇ ಆಗಲಿ, ಬಟ್ಟೆಯ ಮಾಸ್ಕ್ ಸಾಲದು. ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ತಿನ್ನರ್ ಲೋಹದ ಏರ್‌ಬ್ರಶ್ ತೊಳೆಯಲು ಸರಿ. ಮಾದರಿಗೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ.

ಸಾಧನಕ್ಕೆ ತಕ್ಕ ವಿಮಾನ

ಬ್ರಶ್ ಹಿಡಿಯುವವರಿಗೆ ಮೊದಲ ಆಯ್ಕೆ ಬ್ರಿಟನ್ನಿನ ಹರಿಕೇನ್. ಹೊಸಬರೆಲ್ಲ ಬ್ರಿಟನ್ನಿನದೇ ಆದ ಸ್ಪಿಟ್‌ಫೈರ್ ಕಡೆಗೇ ವಾಲುತ್ತಾರೆ, ಆದರೆ 1940ರ ಎರಡು ವಿಮಾನಗಳಿಗೂ ಬಣ್ಣ ಒಂದೇ: ಮೇಲೆ ಕಡು ಹಸಿರು ಮತ್ತು ಮಣ್ಣಿನ ಕಂದು, ಕೆಳಗೆ ‘ಸ್ಕೈ’ ಎಂಬ ತಿಳಿ ಹಸಿರು. ಮೂರೂ ಬ್ರಶ್ಶಿಗೆ ಒಲಿಯುವವು. ಹರಿಕೇನಿನ ಹಿಂದಿನ ಅರ್ಧ ಒಡಲು ಬಟ್ಟೆ ಹೊದಿಸಿದ್ದು. ಕಿಟ್ಟಿನಲ್ಲೂ ಆ ಪಟ್ಟಿಗಳ ಏರಿಳಿತ ಅಚ್ಚಾಗಿರುವುದರಿಂದ ಬ್ರಶ್ಶಿನ ಸಣ್ಣಪುಟ್ಟ ಗೆರೆ ಅಲ್ಲಿ ಮರೆಯಾಗುತ್ತದೆ. ಸ್ಪಿಟ್‌ಫೈರಿನ ನುಣ್ಣನೆಯ ಒಡಲು ಅಷ್ಟು ಕರುಣೆ ತೋರುವುದಿಲ್ಲ.

ಹರಿಕೇನಿಗೆ ನಮ್ಮ ನಂಟೂ ಉಂಟು. 1944ರಲ್ಲಿ ಇಂಫಾಲದ ಕದನದಲ್ಲಿ ಅರ್ಜನ್ ಸಿಂಗ್ ಮುನ್ನಡೆಸಿದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನನ್ನೇ. ಅದನ್ನೇ ಮಾಡಬೇಕೆಂದಿದ್ದರೆ ಪೆಟ್ಟಿಗೆಯ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ) ಹಾಳೆಯನ್ನು ನೋಡಿಯೇ ಕೊಳ್ಳಿ. ಬರ್ಮಾ ರಂಗದಲ್ಲಿ ಜಪಾನಿನ ಕೆಂಪು ಸೂರ್ಯನೆಂದು ಭ್ರಮೆಯಾಗಬಾರದೆಂದು ವೃತ್ತಚಿಹ್ನೆಯ ನಡುವಿನ ಕೆಂಪನ್ನು ತೆಗೆದು ಕಡುನೀಲಿ, ತಿಳಿನೀಲಿ ಮಾತ್ರ ಉಳಿಸಿದ್ದರು. ಯುರೋಪಿನ ಡೆಕಾಲ್ ಅದಕ್ಕೆ ಬಾರದು, ಬೇರೆ ಹಾಳೆ ತರಿಸಬೇಕಾಗುತ್ತದೆ. ವಿಮಾನವೂ ಆರಂಭದ ಮಾರ್ಕ್ 1 ಅಲ್ಲ, ಮಾರ್ಕ್ 2.

ಸ್ಪ್ರೇ ಡಬ್ಬಿಯವರಿಗೆ ಜಪಾನಿನ ಝೀರೋ 52ನೇ ಮಾದರಿಗಿಂತ ಒಳ್ಳೆಯ ವಿಮಾನವಿಲ್ಲ. ಮೇಲೆಲ್ಲ ಒಂದೇ ಕಡು ಹಸಿರು, ಕೆಳಗೆಲ್ಲ ಒಂದೇ ಬೂದು, ನಡುವೆ ಒಂದೇ ಅಂಚು. ಟಾಮಿಯಾದ ಎಎಸ್-1 ಮತ್ತು ಎಎಸ್-2 ಡಬ್ಬಿಗಳು ಜಪಾನಿ ನೌಕಾಪಡೆಯ ಈ ಎರಡು ಬಣ್ಣಗಳೇ. ಬೂದನ್ನು ಮೊದಲು ಸಿಂಪಡಿಸಿ, ಒಂದು ದಿನ ಬಿಟ್ಟು, ಕೆಳಭಾಗಕ್ಕೆ ಟೇಪ್ ಅಂಟಿಸಿ ಅಂಚನ್ನು ಉಗುರಿನಿಂದ ಒತ್ತಿ, ಹಸಿರು ಕೊಡುವುದು. ಟೇಪನ್ನು ಮಾರನೆಯ ದಿನದವರೆಗೆ ಬಿಡಬೇಡಿ. ಒಂದು ಗಂಟೆಯೊಳಗೆ ನಿಧಾನವಾಗಿ, ಮಡಿಸಿದ ಹಾಗೆ ಎಳೆದು ತೆಗೆಯಿರಿ. ಈ ವಿಮಾನದ ಒಂದೇ ಕಷ್ಟ ಚಾಲಕನ ಮೇಲಿನ ಗಾಜಿನ ಗೂಡು. ಕಿಟಕಿಯ ಹಾಗೆ ಪಟ್ಟಿ ಪಟ್ಟಿಯಾಗಿರುವ ಅದರ ಚೌಕಟ್ಟಿಗೆ ಕೈಯಿಂದ ಟೇಪ್ ಕತ್ತರಿಸಲು ಒಂದು ಸಂಜೆ ಹೋಗುತ್ತದೆ. ಆ ಆಕಾರಕ್ಕೆ ಮೊದಲೇ ಕತ್ತರಿಸಿದ ಟೇಪಿನ ಮಾಸ್ಕ್ ಹಾಳೆ ಸಿಕ್ಕರೆ ಕೊಂಡುಬಿಡಿ, ಆ ಹಣಕ್ಕೆ ಮೋಸವಿಲ್ಲ.

ಏರ್‌ಬ್ರಶ್ ಇದ್ದವರಿಗೆ ಸ್ಪಿಟ್‌ಫೈರ್ ಮಾರ್ಕ್ 9, ಕೈ ಪಳಗಿದ ಮೇಲೆ ಜರ್ಮನಿಯ ಮೆಸರ್‌ಶ್ಮಿಟ್ ಬಿಎಫ್ 109. 1941ರ ಆಗಸ್ಟಿನಿಂದ ಬ್ರಿಟಿಷ್ ಯುದ್ಧವಿಮಾನಗಳ ಮೇಲ್ಭಾಗ ಕಡು ಹಸಿರು ಮತ್ತು ಓಷನ್ ಗ್ರೇ, ಕೆಳಭಾಗ ಮೀಡಿಯಂ ಸೀ ಗ್ರೇ ಆಯಿತು. ಟಾಮಿಯಾದಲ್ಲಿ ಎಕ್ಸ್‌ಎಫ್-81, 82, 83 ಈ ಮೂರು. ಇಲ್ಲಿ ಹಸಿರು ಬೂದುಗಳ ಅಂಚಿಗೆ ಬ್ಲೂ ಟ್ಯಾಕ್ ಎಂಬ ಕಣಕದಂತಹ ಮೆದು ಅಂಟನ್ನು ಹುರಿಯಂತೆ ಹೊಸೆದು ಇಟ್ಟು ಸಿಂಪಡಿಸಿದರೆ ಸ್ವಲ್ಪವೇ ಮಸುಕಾದ, ನಿಜವಾದ ವಿಮಾನದಂತಹ ಗೆರೆ ಬರುತ್ತದೆ. 109ರ ಒಡಲಿನ ಪಕ್ಕಗಳಲ್ಲಿ ಮೋಡದ ತುಣುಕಿನಂತಹ ಮಚ್ಚೆಗಳಿರುತ್ತವೆ. ಅವು ಏರ್‌ಬ್ರಶ್ಶಿಗೇ ಮೀಸಲು. ಬ್ರಶ್ಶಿನಲ್ಲಿ ಚುಕ್ಕೆ ಇಟ್ಟರೆ ಚಿರತೆಯ ಮೈಯಾಗುತ್ತದೆ.

ಅಮೆರಿಕದ ಮಸ್ಟಾಂಗ್ ಪಿ-51ಡಿ ಮೊದಲ ವಿಮಾನವಾಗಿ ಬೇಡ. ಬರಿಯ ಲೋಹದ ಬಣ್ಣಕ್ಕೆ ಅಡಿಯ ಮೇಲ್ಮೈ ಗಾಜಿನಷ್ಟು ನುಣುಪಾಗಿರಬೇಕು. 600ನೇ ನಂಬರಿನ ವಾಟರ್ ಪೇಪರಿನ ಗೀಚು ಹಸಿರು ಬಣ್ಣದ ಅಡಿಯಲ್ಲಿ ಅಡಗುತ್ತದೆ, ಬೆಳ್ಳಿಯ ಅಡಿಯಲ್ಲಿ ಎರಡರಷ್ಟಾಗಿ ಎದ್ದು ಕಾಣುತ್ತದೆ. ಅಷ್ಟಾಗಿಯೂ ಮಸ್ಟಾಂಗೇ ಬೇಕೆನ್ನುವವರು ಒಂದು ವಿವರ ನೆನಪಿಡಿ: ನಿಜವಾದ ವಿಮಾನದ ಒಡಲು ಬರಿ ಲೋಹವಾದರೂ ರೆಕ್ಕೆಯ ಮುಂಭಾಗದ ಸಂದುಗಳನ್ನು ಕಾರ್ಖಾನೆಯಲ್ಲೇ ಪುಟ್ಟಿ ತುಂಬಿ ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ರೆಕ್ಕೆಗೆ ಸಾದಾ ಅಲ್ಯೂಮಿನಿಯಂ ಬಣ್ಣ, ಒಡಲಿಗೆ ಹೊಳೆಯುವ ಲೋಹ ಎಂದು ಎರಡು ಛಾಯೆ ಕೊಟ್ಟರೆ ಅದೇ ಸರಿ.

ಅವಳಿ ರೆಕ್ಕೆಯ ವಿಮಾನ, ನಾಲ್ಕು ಎಂಜಿನ್ನಿನ ಬಾಂಬರು, ಮುಂದೆ ಚಕ್ರವಿರುವ ಪಿ-38, ಬಿ-25 ಇವೂ ಆಮೇಲಾಗಲಿ. ಮುಂದೆ ಚಕ್ರವಿರುವವುಗಳ ಮೂತಿಯೊಳಗೆ ಒಡಲು ಮುಚ್ಚುವ ಮುನ್ನವೇ ಸೀಸದ ತೂಕ ಇಡಬೇಕು. ಮರೆತರೆ ವಿಮಾನ ಬಾಲದ ಮೇಲೆ ಕೂರುತ್ತದೆ.

ಬೆಂಗಳೂರಿನವರು ಹಲವರು ಕೇಳುವ ಇನ್ನೊಂದು ವಿಮಾನ ನ್ಯಾಟ್, ಎಚ್‌ಎಎಲ್ ಇಲ್ಲೇ ತಯಾರಿಸಿ 1965, 1971ರ ಯುದ್ಧಗಳಲ್ಲಿ ಹೆಸರಾದದ್ದು. ಅದರಲ್ಲಿ ಒಂದು ಮೋಸದ ಗುಂಡಿ ಇದೆ. ಏರ್‌ಫಿಕ್ಸ್‌ನ ನ್ಯಾಟ್ ಕಿಟ್ ಟಿ.1, ಅಂದರೆ ಬ್ರಿಟನ್ನಿನ ಎರಡು ಆಸನದ ತರಬೇತಿ ವಿಮಾನ. ಅದರ ಒಡಲು ಉದ್ದ, ರೆಕ್ಕೆ ದೊಡ್ಡದು. ಭಾರತೀಯ ಬಣ್ಣ ಬಳಿದರೂ ಅದು ನಮ್ಮ ಯುದ್ಧವಿಮಾನವಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಎಫ್.1 ಎಂದು ಇದ್ದರೆ ಮಾತ್ರ ಒಂಟಿ ಆಸನದ್ದು.

ಅಳತೆ: ಜಾಗ ಮತ್ತು ಕಣ್ಣು

ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಯ ಅಗಲ 11.23 ಮೀಟರ್, ಉದ್ದ 9.12 ಮೀಟರ್. 1/72ರಲ್ಲಿ, ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿನ ಮಾದರಿಯಲ್ಲಿ, ಅದು 15.6 ಸೆಂ.ಮೀ. ಅಗಲ, 12.7 ಸೆಂ.ಮೀ. ಉದ್ದ. 1/48ರಲ್ಲಿ 23.4 ಮತ್ತು 19. 1/32ರಲ್ಲಿ 35.1 ಮತ್ತು 28.5. ಮೂರಡಿ ಉದ್ದ, ಒಂದಡಿ ಅಗಲದ ಒಂದು ಶೆಲ್ಫಿನಲ್ಲಿ 1/72ರವು ಹತ್ತು ಕೂರುತ್ತವೆ, 1/48ರವು ಮೂರು, 1/32ರವು ಎರಡೇ. ಒಂದಾದ ಮೇಲೊಂದು ಕಟ್ಟುತ್ತ ಹೋಗುವ ಹಂಬಲವಿದ್ದರೆ ಈ ಲೆಕ್ಕ ಮೊದಲೇ ಹಾಕಿ.

ಆದರೆ ಚಿಕ್ಕದೆಂದರೆ ಸುಲಭವೆಂದಲ್ಲ. 1/72ರಲ್ಲಿ ನಿಯಂತ್ರಣ ದಂಡ ಸಾಸಿವೆಯ ಕಾಂಡದಷ್ಟು ಸಪೂರ. ಚಿಮಟದಿಂದ ಜಾರಿ ನೆಲಕ್ಕೆ ಬಿದ್ದರೆ ಸಿಗುವುದು ಅದೃಷ್ಟ. ಚಾಳೀಸು ಬಂದವರಿಗೆ 1/48 ಹಿತ: ಕಾಕ್‌ಪಿಟ್ಟಿನ ಸೀಟುಬೆಲ್ಟಿಗೂ ಬಣ್ಣ ಕೊಡಬಹುದು, ಮಚ್ಚೆ ಕೊಡಲು ಏರ್‌ಬ್ರಶ್ಶಿಗೂ ಜಾಗ ಇರುತ್ತದೆ. ಬ್ರಶ್ಶಿನವರಿಗೆ ಉಲ್ಟಾ: ಮೇಲ್ಮೈ ದೊಡ್ಡದಾದಷ್ಟೂ ಗೆರೆ ಕಾಣುವ ಜಾಗವೂ ದೊಡ್ಡದು, ಅದಕ್ಕೇ 1/72. ಬಾಂಬರ್ ಯಾವಾಗ ಕಟ್ಟಿದರೂ 1/72ರಲ್ಲೇ ಇರಲಿ. ಲ್ಯಾಂಕಾಸ್ಟರ್ ಆ ಅಳತೆಯಲ್ಲೇ 43 ಸೆಂ.ಮೀ. ಅಗಲ.

ಯಾರ ಕಿಟ್

ಏರ್‌ಫಿಕ್ಸ್ ಅಗ್ಗ, 2010ರಿಂದೀಚೆಗಿನ ಅಚ್ಚುಗಳು ಚೆನ್ನಾಗಿವೆ. ಪ್ಲಾಸ್ಟಿಕ್ ಸ್ವಲ್ಪ ಮೆದು, ಮೈಮೇಲಿನ ಗೆರೆಗಳು ಸ್ವಲ್ಪ ಅಗಲ. ತೊಂದರೆ ಇರುವುದು ಹಳೆಯ ಅಚ್ಚು ಹೊಸ ಪೆಟ್ಟಿಗೆಯಲ್ಲಿ ಬಂದಾಗ. ಏರ್‌ಫಿಕ್ಸ್, ರೆವೆಲ್ ಎರಡಕ್ಕೂ ಈ ಮಾತು ಸಲ್ಲುತ್ತದೆ. ಸ್ಕೇಲ್‌ಮೇಟ್ಸ್ ತಾಣದಲ್ಲಿ ಕಿಟ್ಟಿನ ನಂಬರ್ ಹಾಕಿದರೆ ಅಚ್ಚು ಯಾವ ವರ್ಷದ್ದೆಂದು ತಿಳಿಯುತ್ತದೆ. ಕೊಳ್ಳುವ ಮುನ್ನ ಅದೊಂದನ್ನು ತಪ್ಪದೆ ನೋಡಿ.

ಟಾಮಿಯಾ ಕಿಟ್ಟುಗಳ ಹೊಂದಾಣಿಕೆಗೆ ಸಾಟಿಯಿಲ್ಲ. 1/48ರ ಸ್ಪಿಟ್‌ಫೈರ್ ಮಾರ್ಕ್ 1 (2018ರ ಅಚ್ಚು), 109 ಜಿ-6 (ಅದೂ 2018), ಝೀರೋ 52 (2008) ಮೂರರಲ್ಲೂ ಪುಟ್ಟಿ ಡಬ್ಬಿ ಹೆಚ್ಚುಕಡಿಮೆ ತೆರೆಯುವುದೇ ಬೇಡ. ಡೆಕಾಲ್ ಮಾತ್ರ ದಪ್ಪ, ಮೆದುಗೊಳಿಸುವ ದ್ರಾವಣ ಬೇಕು. ಎಡುಆರ್ಡ್ ಎಂಬ ಝೆಕ್ ಕಂಪನಿಯ 1/48 ಸ್ಪಿಟ್‌ಫೈರ್ 9 (2013) ವಿವರದಲ್ಲಿ ಒಂದು ಕೈ ಮೇಲು, ತುಂಡುಗಳೂ ಹೆಚ್ಚು. ಅದರ ‘ಪ್ರೊಫಿಪ್ಯಾಕ್’ನಲ್ಲಿ ತೆಳು ಲೋಹದ ತುಂಡುಗಳೂ ಗಾಜಿನ ಮಾಸ್ಕೂ ಐದಾರು ವಿಮಾನಗಳ ಗುರುತುಗಳೂ ಇರುತ್ತವೆ, ‘ವೀಕೆಂಡ್’ನಲ್ಲಿ ಪ್ಲಾಸ್ಟಿಕ್ ಅದೇ, ಉಳಿದದ್ದು ಕಡಿಮೆ, ಬೆಲೆಯೂ ಕಡಿಮೆ. ಮೊದಲ ಬಾರಿಗೆ ವೀಕೆಂಡ್ ಸಾಕು. ಟಾಮಿಯಾದ 1/32 ಸ್ಪಿಟ್‌ಫೈರ್ 9 (2009) ಅದ್ಭುತ ವಸ್ತು, ಎಂಜಿನ್ ಮುಚ್ಚಳಗಳು ಅಯಸ್ಕಾಂತದಿಂದ ಕೂರುತ್ತವೆ. ಅದನ್ನು ಐದಾರು ವಿಮಾನ ಕಟ್ಟಿ ಕೈ ಪಳಗಿದ ಮೇಲೆ ತೆರೆಯಿರಿ.

ಏರ್‌ಫಿಕ್ಸ್ ತೆಗೆದುಕೊಂಡವರಿಗೆ ಒಂದು ಎಚ್ಚರಿಕೆ ವಿವರವಾಗಿಯೇ ಹೇಳಬೇಕು. ‘ರೆಕ್ಕೆ ಬುಡದಲ್ಲಿ ಸಂದು ಬಿಟ್ಟಿದೆ, ಕಿಟ್ಟೇ ಸರಿಯಿಲ್ಲ’ ಎಂಬ ದೂರು ಸಾಮಾನ್ಯ. ಹೊಸ ಅಚ್ಚುಗಳಲ್ಲಿ ಬಹುಪಾಲು ಕಾರಣ ಬಣ್ಣ. ತುಂಡುಗಳು ಎಷ್ಟು ಬಿಗಿಯಾಗಿ ಹೊಂದುತ್ತವೆಂದರೆ ಕಾಕ್‌ಪಿಟ್ಟಿಗೆ ಹಚ್ಚಿದ ಹಸಿರು ಅಂಟುವ ಅಂಚಿಗೂ ಮೆತ್ತಿದ್ದರೆ ಆ ಒಂದು ಪದರವೇ ಒಡಲನ್ನು ಅಗಲಿಸುತ್ತದೆ. ಒಡಲು ಅಗಲವಾದಾಗ ರೆಕ್ಕೆ ಕೂರುವುದಿಲ್ಲ. ಅಂಟಿಸುವ ಪ್ರತಿ ಅಂಚಿನ ಬಣ್ಣವನ್ನೂ ಚಾಕುವಿನ ಬಾಯಿಯಿಂದ ಹೆರೆದು ತೆಗೆಯಿರಿ. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಆಮೇಲೆ ಒಂದು ರೆಕ್ಕೆಯ ತುದಿಯಿಂದ ಒಡಲಿನ ಮೇಲಾಗಿ ಇನ್ನೊಂದು ತುದಿಗೆ ಟೇಪ್ ಎಳೆದು ಕಟ್ಟಿದರೆ ರೆಕ್ಕೆ ಮೇಲಕ್ಕೆ ಬಾಗಿ ಬುಡದ ಸಂದು ಮುಚ್ಚಿಕೊಳ್ಳುತ್ತದೆ. ಸ್ಪಿಟ್‌ಫೈರಿನ ರೆಕ್ಕೆ ಸುಮಾರು 6 ಡಿಗ್ರಿ ಮೇಲೇರಿರಬೇಕಾದ್ದರಿಂದ ಈ ಎಳೆತ ಅದಕ್ಕೂ ಅನುಕೂಲ. ಆ ಸ್ಥಿತಿಯಲ್ಲೇ ಸಂದಿಗೆ ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟು) ಮುಟ್ಟಿಸಿ, ತಾನಾಗಿ ಒಳಗೆ ಹರಿಯುತ್ತದೆ. ರಾತ್ರಿಯಿಡೀ ಬಿಡಿ.

ಗಾಜಿನ ಗೂಡಿಗೆ ಫೆವಿಕ್ವಿಕ್ ಬೇಡ, ಅದರ ಆವಿ ಕೂತು ಒಳಗಿನಿಂದ ಬಿಳಿಮಸುಕಾಗುತ್ತದೆ, ಒರೆಸಲೂ ಬಾರದು. ಫೆವಿಕಾಲ್ ಎಂಆರ್ ಕಡ್ಡಿಯ ತುದಿಯಿಂದ ಹಚ್ಚಿದರೆ ಸಾಕು, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ. ಡೆಕಾಲ್ ಹಚ್ಚುವ ಮುನ್ನ ಹೊಳಪಿನ ಲೇಪ ಕಡ್ಡಾಯ. ಮ್ಯಾಟ್ ಬಣ್ಣದ ಒರಟಿನಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲಿನ ಅಂಚು ಬೆಳ್ಳಗೆ ಮಿನುಗುವುದಕ್ಕೆ ಅದರ ಕೊರತೆಯೇ ಕಾರಣ.

ಹಣಕ್ಕೆ ತಕ್ಕ ಹಾಗೆ

ಬೆಲೆಯಲ್ಲಿ ಸಾಮಾನ್ಯವಾಗಿ 1/72ರ ಏರ್‌ಫಿಕ್ಸ್ ಎಲ್ಲಕ್ಕಿಂತ ಕೆಳಗೆ, ನಂತರ ಎಡುಆರ್ಡ್ ವೀಕೆಂಡ್, ಅದರ ಮೇಲೆ 1/48ರ ಟಾಮಿಯಾ ಮತ್ತು ಪ್ರೊಫಿಪ್ಯಾಕ್, 1/32 ಎಲ್ಲಕ್ಕಿಂತ ಬಹಳ ಮೇಲೆ. ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸೇರುತ್ತವೆ. ಸ್ಪ್ರೇ ಡಬ್ಬಿ, ಲ್ಯಾಕರ್‌ಗಳು ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದ ಅಂಚೆಯಲ್ಲಿ ಬರುವುದಿಲ್ಲ, ದೇಶದೊಳಗೇ ಹುಡುಕಿ.

ಕೈ ಬಿಗಿಯಾಗಿದ್ದರೆ: 1/72ರ ಏರ್‌ಫಿಕ್ಸ್ ಹರಿಕೇನ್, ಬೇಕಾದ ಆರು ಶೀಷೆ ಬಣ್ಣ, ಎರಡು ಬ್ರಶ್, ತೆಳು ಸಿಮೆಂಟ್, ಸೈಡ್ ಕಟರ್, ಚಾಕು, ಹಾರ್ಡ್‌ವೇರ್ ಅಂಗಡಿಯ 400, 600, 1000 ನಂಬರಿನ ವಾಟರ್ ಪೇಪರ್. ಇದರಲ್ಲಿ ಜಿಪುಣತನ ಮಾಡಬಾರದ್ದು ಕಟರ್ ಒಂದರಲ್ಲೇ. ವೈರಿಂಗಿನವರ ಕಟರಿನಿಂದ ಕತ್ತರಿಸಿದರೆ ತುಂಡಿನ ಮೈ ಬೆಳ್ಳಗೆ ಹಿಸಿದು ಹೋಗುತ್ತದೆ. ಸ್ಪ್ರೂ ಎಂಬ ಪ್ಲಾಸ್ಟಿಕ್ ಚೌಕಟ್ಟಿನಿಂದ ತುಂಡನ್ನು ಬಿಡಿಸುವಾಗ ಮೊದಲು ದೂರಕ್ಕೊಂದು ಕತ್ತರಿ, ಆಮೇಲೆ ಹತ್ತಿರಕ್ಕೊಂದು, ಉಳಿದದ್ದು ವಾಟರ್ ಪೇಪರಿಗೆ.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರು, ಏರ್‌ಬ್ರಶ್ಶಿಗೆ ಮನಸ್ಸಿಲ್ಲದವರು: 1/48ರ ಟಾಮಿಯಾ ಝೀರೋ, ಎರಡು ಎಎಸ್ ಡಬ್ಬಿ, ಮಾಸ್ಕ್ ಹಾಳೆ. ಕಂಪ್ರೆಸರಿಗೆ ಹಣವಿದ್ದವರು ಮೊದಲ ಕಿಟ್ಟಿಗೆ ಕಡಿಮೆ ಸುರಿದು, 1/72ರ ಸ್ಪಿಟ್‌ಫೈರ್ ಒಂದನ್ನು ಅಭ್ಯಾಸಕ್ಕೆ ಕೊಂಡು, ಅದರ ಮೈಮೇಲೆ ಒತ್ತಡ, ತಿನ್ನರ್ ಪ್ರಮಾಣ ಹದ ಮಾಡಿಕೊಂಡು ಆಮೇಲೆ 1/48ಕ್ಕೆ ಹೋಗಲಿ.

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಉಡುಗೊರೆ ಕೊಡುವವರು ಬಣ್ಣ, ಬ್ರಶ್, ಅಂಟು ಸೇರಿದ ಏರ್‌ಫಿಕ್ಸ್ ಸ್ಟಾರ್ಟರ್ ಸೆಟ್ ಕೊಡಿ, ಜೊತೆಗೆ ಪ್ರತ್ಯೇಕವಾಗಿ ಒಂದು ಒಳ್ಳೆಯ ಬ್ರಶ್ ಸೇರಿಸಿ. ಚಾಕುವಿನ ಕೆಲಸ ದೊಡ್ಡವರದು. ತುಂಡುಗಳನ್ನೆಲ್ಲ ಒಂದೇ ಸಲ ಸ್ಪ್ರೂನಿಂದ ಬಿಡಿಸಲು ಬಿಡಬೇಡಿ. ನಂಬರ್ ಇರುವುದು ಸ್ಪ್ರೂ ಮೇಲೆ, ಬಿಡಿಸಿದ ಮೇಲೆ ಯಾವ ತುಂಡು ಎಲ್ಲಿಯದೆಂದು ಹೇಳುವುದು ಯಾರಿಗೂ ಕಷ್ಟ.